ಬೆಳಕು ಮತ್ತು ಹಕ್ಕಲು: ಕರ್ನಾಟಕದ ವಿದ್ಯುತ್ ಚರಿತ್ರೆ ಸಭೆಗೆ ಒಡ್ಡುವ ಪ್ರಶ್ನೆ

ನವೀಕರಿಸಬಹುದಾದ ಇಂಧನವೆಂಬುದು ನಮ್ಮ ಕಾಲದ ಹೊಸ ಮಾತೆಂದು ಸಾಮಾನ್ಯವಾಗಿ ಭಾವಿಸುತ್ತೇವೆ. ಕಲ್ಲಿದ್ದಲನ್ನೂ ತೈಲವನ್ನೂ ಉರಿಸಿ ಭೂಮಿಯನ್ನು ಕೆಡಿಸಿದ ಮನುಷ್ಯನು ಈಗ ಎಚ್ಚೆತ್ತು ಸೂರ್ಯ, ಗಾಳಿ, ನೀರುಗಳ ಕಡೆಗೆ ತಿರುಗಿದ್ದಾನೆ ಎಂಬುದು ಈ ಕಥನದ ಸಾರ. ಇದರಲ್ಲಿ ಪಾಪವಿದೆ, ಪಶ್ಚಾತ್ತಾಪವಿದೆ, ಬಿಡುಗಡೆಯೂ ಇದೆ. ಆದ್ದರಿಂದಲೇ ಇದು ನಮ್ಮ ಪ್ರಸಂಗಪೀಠಗಳಿಗೆ ಸುಲಭವಾಗಿ ಹೊಂದಿಕೊಳ್ಳುತ್ತದೆ. ಆದರೆ ಕರ್ನಾಟಕದ ಚರಿತ್ರೆ ಈ ಅಚ್ಚಿನಲ್ಲಿ ಕೂಡುವುದಿಲ್ಲ. ನಮ್ಮ ನಾಡಿನಲ್ಲಿ ವಿದ್ಯುತ್ತು ಹುಟ್ಟಿದ್ದೇ ನೀರಿನಿಂದ. 1902ರಲ್ಲಿ ಶಿವನಸಮುದ್ರದಲ್ಲಿ ಯಂತ್ರಗಳು ತಿರುಗಲಾರಂಭಿಸಿದಂದಿನಿಂದ 1985ರಲ್ಲಿ ರಾಯಚೂರಿನ ಕಲ್ಲಿದ್ದಲು ಸ್ಥಾವರದ ಮೊದಲ ಘಟಕ ಚಾಲನೆಗೊಳ್ಳುವವರೆಗೆ ಈ ರಾಜ್ಯ ತಾನೇ ಉತ್ಪಾದಿಸಿಕೊಂಡ ವಿದ್ಯುತ್ತು ಬಹುಮಟ್ಟಿಗೆ ಜಲವಿದ್ಯುತ್ತೇ ಆಗಿತ್ತು. ಎಂಟು ದಶಕಗಳ ಕಾಲ ನಾವು, ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, 'ಹಸಿರು' ನಾಡಾಗಿದ್ದೆವು. ಆ ಎಂಟು ದಶಕಗಳಲ್ಲಿ ಯಾರಿಗೆ ಬೆಳಕು ದೊರೆಯಿತು, ಅದರ ಬೆಲೆಯನ್ನು ಯಾರು ತೆತ್ತರು ಎಂದು ಕೇಳಿದಾಗ ದೊರೆಯುವ ಉತ್ತರ ಸೌರಶಕ್ತಿಯ ಈ ಯುಗಕ್ಕೂ ಪಾಠವಾಗಬಲ್ಲದು.

ಈ ಪ್ರಬಂಧದಲ್ಲಿ ನಾಲ್ಕು ಸ್ಥಳಗಳನ್ನು ಕ್ರಮವಾಗಿ ನೋಡುತ್ತೇವೆ: ಶಿವನಸಮುದ್ರ, ಶರಾವತಿ ಕಣಿವೆ, ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿ, ಮತ್ತು ಪಾವಗಡ. ಇವುಗಳನ್ನು ಅಳೆಯಲು ಸಭೈಕ್ಯ ಚಳವಳಿಯೇ ನಮ್ಮ ಕೈಗೆ ಕೊಟ್ಟ ಒಂದು ಅಳತೆಗೋಲು ಇದೆ. ಅದನ್ನು ಮೊದಲು ನೆನಪಿಗೆ ತಂದುಕೊಳ್ಳೋಣ.

ಮೂರು ಪದಗಳ ಅಳತೆಗೋಲು

'ಸುಸ್ಥಿರ' ಎಂಬ ವಿಶೇಷಣ 1987ರ ಬ್ರುಂಟ್‌ಲಾಂಡ್ ಆಯೋಗದ ವರದಿಯ ಮೂಲಕ ಲೋಕಪ್ರಸಿದ್ಧವಾಯಿತು. ಆದರೆ ಅದಕ್ಕೂ ಮುನ್ನವೇ ಸಭೆಗಳು ಆ ಪದವನ್ನು ಹಿಡಿದು ಆಲೋಚಿಸುತ್ತಿದ್ದವು. 1974ರಲ್ಲಿ ರುಮೇನಿಯದ ಬುಖಾರೆಸ್ಟಿನಲ್ಲಿ ಜಾಗತಿಕ ಸಭಾ ಮಂಡಳಿ ನಡೆಸಿದ ಸಮಾಲೋಚನೆಯಲ್ಲಿ ಸುಸ್ಥಿರ ಸಮಾಜದ ಕಲ್ಪನೆ ಚರ್ಚೆಗೆ ಬಂದಿತು. 1975ರ ನೈರೋಬಿ ಮಹಾಸಭೆಯ ಬಳಿಕ ಅದು 'ನ್ಯಾಯಯುತ, ಸಹಭಾಗಿ ಮತ್ತು ಸುಸ್ಥಿರ ಸಮಾಜ' ಎಂಬ ಕಾರ್ಯಕ್ರಮವಾಗಿ ರೂಪುಗೊಂಡಿತು. ಅದರ ಸಲಹಾ ಸಮಿತಿಯನ್ನು ನಡೆಸಿದವರು ಕೇರಳದ ಎಂ. ಎಂ. ಥಾಮಸ್. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ನಂಬಿಕೆ, ವಿಜ್ಞಾನ ಮತ್ತು ಭವಿಷ್ಯವನ್ನು ಕುರಿತು ನಡೆದ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು ಪೌಲೋಸ್ ಮಾರ್ ಗ್ರೆಗೋರಿಯೋಸ್. ಹೀಗೆ ಈ ಚಿಂತನೆಯ ಹುಟ್ಟಿನಲ್ಲಿ ಭಾರತೀಯ ಸಭೆಗಳ ಪಾಲು ಕಡಿಮೆಯದಲ್ಲ.

ಗಮನಿಸಬೇಕಾದದ್ದು ಈ ಮೂರು ಪದಗಳ ಜೋಡಣೆ. ಬಡ ರಾಷ್ಟ್ರಗಳ ಪ್ರತಿನಿಧಿಗಳಿಗೆ 'ಸುಸ್ಥಿರ' ಎಂಬ ಒಂಟಿ ಪದದಲ್ಲಿ ಅಪಾಯವೊಂದು ಕಾಣುತ್ತಿತ್ತು. ಉಳ್ಳವರು ತಮ್ಮಲ್ಲಿರುವುದನ್ನು ಉಳಿಸಿಕೊಳ್ಳುವ ಮಾತಾಗಿ ಅದು ಮಾರ್ಪಡಬಹುದಾಗಿತ್ತು. ಆದ್ದರಿಂದ ನ್ಯಾಯ ಮತ್ತು ಸಹಭಾಗಿತ್ವಗಳನ್ನು ಅದರ ಮುಂದಿರಿಸಲಾಯಿತು. ಒಂದು ವ್ಯವಸ್ಥೆ ಬಹುಕಾಲ ಬಾಳಬಲ್ಲದೆಂಬುದು ಸಾಲದು. ಅದರ ಫಲ ಯಾರಿಗೆ ಸಲ್ಲುತ್ತದೆ, ಅದನ್ನು ತೀರ್ಮಾನಿಸಿದವರು ಯಾರು ಎಂಬುದನ್ನೂ ಕೇಳಬೇಕು. 1983ರ ವ್ಯಾಂಕೂವರ್ ಮಹಾಸಭೆಯಿಂದಾಚೆಗೆ 'ನ್ಯಾಯ, ಸಮಾಧಾನ ಮತ್ತು ಸೃಷ್ಟಿಯ ಸಮಗ್ರತೆ' ಎಂಬ ಸೂತ್ರ ಇದರ ಸ್ಥಾನಕ್ಕೆ ಬಂದಿತು. ಆ ಬದಲಾವಣೆಯಲ್ಲಿ 'ಸಹಭಾಗಿ' ಎಂಬ ನಡುವಣ ಪದ ಮರೆಯಾದುದು ಒಂದು ನಷ್ಟವೆಂದೇ ನಾವು ತಿಳಿಯುತ್ತೇವೆ. ಕರ್ನಾಟಕದ ಚರಿತ್ರೆಯನ್ನು ಓದುವಾಗ ಅದರ ಅಗತ್ಯ ಮತ್ತೆಮತ್ತೆ ಎದುರಾಗುತ್ತದೆ.

ಶಿವನಸಮುದ್ರದಿಂದ ಕೋಲಾರಕ್ಕೆ

ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯೆರ್ ಅವರ ಯೋಜನೆಯಂತೆ, ಕಾವೇರಿ ನದಿ ಧುಮುಕುವ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರದ ಕಾಮಗಾರಿ ಆರಂಭವಾಯಿತು. 1901ರಲ್ಲಿ ನಿಧನರಾದ ಶೇಷಾದ್ರಿ ಅಯ್ಯರ್ ಅದರ ಪೂರ್ಣತೆಯನ್ನು ಕಾಣಲಿಲ್ಲ. 1902ರ ಜೂನ್ ತಿಂಗಳಲ್ಲಿ ಅಲ್ಲಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಅಂದಿನ ಜಗತ್ತಿನಲ್ಲಿ ಅಷ್ಟು ದೂರ ವಿದ್ಯುತ್ತನ್ನು ಒಯ್ದ ನಿದರ್ಶನಗಳು ತೀರ ವಿರಳ. ಮೂರು ವರ್ಷಗಳ ಬಳಿಕ, 1905ರ ಆಗಸ್ಟ್‌ನಲ್ಲಿ, ಬೆಂಗಳೂರಿನ ಬೀದಿದೀಪಗಳು ಬೆಳಗಿದವು. ಮುಂದೆ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟು ಕಟ್ಟಿದ ಉದ್ದೇಶಗಳಲ್ಲಿ ನೀರಾವರಿಯೊಂದಿಗೆ, ಬೇಸಿಗೆಯಲ್ಲೂ ಶಿವನಸಮುದ್ರದ ಯಂತ್ರಗಳಿಗೆ ತಪ್ಪದೆ ನೀರು ಒದಗಿಸುವುದೂ ಸೇರಿತ್ತು.

ಈ ಸಾಧನೆಯನ್ನು ಕಿರಿದುಗೊಳಿಸುವುದು ನಮ್ಮ ಇಂಗಿತವಲ್ಲ. ಆದರೆ ಮೊದಲ ಬೆಳಕು ಹರಿದ ದಿಕ್ಕನ್ನು ಗಮನಿಸಬೇಕು. ಅದು ಚಿನ್ನದ ಕಡೆಗೆ ಹರಿಯಿತು. ಗಣಿಗಳನ್ನು ನಡೆಸುತ್ತಿದ್ದುದು ಲಂಡನ್ನಿನ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆ. ನೆಲದಾಳಕ್ಕಿಳಿದು ದುಡಿದವರಲ್ಲಿ ಬಹುಮಂದಿ ತಮಿಳು ಮತ್ತು ತೆಲುಗು ಸೀಮೆಗಳಿಂದ ಬಂದ ದಲಿತರು. ಕೆ.ಜಿ.ಎಫ್.ನ ಸಭೆಗಳಲ್ಲಿ ಇಂದಿಗೂ ಆರಾಧಿಸುವ ಅನೇಕ ಕುಟುಂಬಗಳು ಅವರ ಸಂತತಿ. ಯಂತ್ರಗಳಿಗೆ ವಿದ್ಯುತ್ ದೊರೆತಷ್ಟು ಬೇಗ ಆ ಕಾರ್ಮಿಕರ ಗುಡಿಸಲುಗಳಿಗೆ ದೊರೆಯಲಿಲ್ಲ. ತಂತಿ ಹಾದುಹೋದ ಹಳ್ಳಿಗಳಲ್ಲಿ ದೀಪ ಹೊತ್ತಲು ದಶಕಗಳೇ ಬೇಕಾದವು. ನದಿ ಬತ್ತದ ತನಕ ಉಳಿಯಬಲ್ಲ ಈ ವ್ಯವಸ್ಥೆ ಸುಸ್ಥಿರವೇನೋ ಆಗಿತ್ತು. ಉಳಿದೆರಡು ಪದಗಳು ಅದಕ್ಕೆ ಒಪ್ಪುತ್ತಿರಲಿಲ್ಲ.

ಇಲ್ಲಿ ಸಭೆಯ ಸ್ವಂತ ಒಲೆಯನ್ನೂ ನೆನೆಯಬೇಕು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಕ್ರೈಸ್ತರಾದುದರಿಂದ ಮನೆಮಠ, ಕಸುಬುಗಳನ್ನು ಕಳೆದುಕೊಂಡವರಿಗೆ ಅದು ಅನ್ನದ ದಾರಿಯಾಯಿತು, ಮಂಗಳೂರು ಹಂಚು ಲೋಕವಿಖ್ಯಾತವಾಯಿತು. ಆದರೆ ಹಂಚನ್ನು ಸುಡಲು ಸೌದೆ ಬೇಕು, ಸೌದೆಗೆ ಕಾಡು ಬೇಕು. ದುಡಿಯುವವನಿಗೆ ನ್ಯಾಯವನ್ನು ಒದಗಿಸಿದ ಕೆಲಸವೇ ಕಾಡಿನ ಮೇಲೆ ಭಾರ ಹಾಕಿತು. ಶಿವನಸಮುದ್ರದಲ್ಲಿ ಸುಸ್ಥಿರತೆಯಿದ್ದು ನ್ಯಾಯ ಕೊರೆಯಾದರೆ, ಜೆಪ್ಪುವಿನ ಗೂಡುಗಳಲ್ಲಿ ಅದು ತಿರುವುಮುರುವಾಗಿತ್ತು. ಆದ್ದರಿಂದ ಇಂಧನದ ಚರಿತ್ರೆಯನ್ನು ಸಭೆ ಹೊರಗೆ ನಿಂತು ವಿಮರ್ಶಿಸಲಾಗದು. ನಾವು ಆ ಚರಿತ್ರೆಯ ಒಳಗಿನವರೇ ಆಗಿದ್ದೇವೆ.

ಶರಾವತಿಯಲ್ಲಿ ಮುಳುಗಿದವರು

ಸ್ವಾತಂತ್ರ್ಯದ ಹೊಸ್ತಿಲಲ್ಲಿ ಶರಾವತಿಯ ಸರದಿ ಬಂದಿತು. ಹಿರೇಭಾಸ್ಕರ ಅಣೆಕಟ್ಟು ಮತ್ತು ಜೋಗದ ವಿದ್ಯುದಾಗಾರ 1940ರ ದಶಕದ ಕೊನೆಗೆ ಸಿದ್ಧವಾದವು. ವಿದ್ಯುದಾಗಾರಕ್ಕೆ ಮಹಾತ್ಮ ಗಾಂಧಿಯವರ ಹೆಸರನ್ನಿಡಲಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿಗೆ ಹೋಯಿತು. ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲಿ ಮುಳುಗಿತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ಅದು ಈಗಲೂ ತಲೆಯೆತ್ತಿ ಕಾಣಿಸಿಕೊಳ್ಳುತ್ತದೆ. ಹೊಸ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳ ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ನಾಡಿನ ಕಾರ್ಖಾನೆಗಳು, ಪಂಪ್‌ಸೆಟ್ಟುಗಳು, ನಗರದ ಮನೆಗಳು ಬಹುಕಾಲ ಅದರ ಆಸರೆಯಲ್ಲಿದ್ದವು.

ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಮನೆ, ಗದ್ದೆ, ತೋಟ ಕಳೆದುಕೊಂಡವರನ್ನು ಲಾರಿಗಳಲ್ಲಿ ಒಯ್ದು ಶಿವಮೊಗ್ಗ ಜಿಲ್ಲೆಯ ಕಾಡುನೆಲಗಳಲ್ಲಿ ಇಳಿಸಲಾಯಿತು. 1951ರ ಕಾಗೋಡು ಸತ್ಯಾಗ್ರಹ ನಡೆದ ಸೀಮೆಯೇ ಇದು. ಉಳುವವನಿಗೂ ಒಡೆಯನಿಗೂ ನಡುವಣ ಗೇಣಿಯ ಪ್ರಶ್ನೆ ಬಗೆಹರಿಯುವ ಮುನ್ನವೇ ನೀರು ಏರಿತು. ಅವರಿಗೆ ತೋರಿಸಿದ ಕಾಡುನೆಲ ಅರಣ್ಯ ಇಲಾಖೆಯ ಕಡತಗಳಲ್ಲಿ ಕಾಡಾಗಿಯೇ ಉಳಿದುದರಿಂದ, ಆರು ದಶಕಗಳಾದರೂ ಹಕ್ಕುಪತ್ರ ಕೈಸೇರದ ಕುಟುಂಬಗಳು ಅಸಂಖ್ಯ. ಹಿನ್ನೀರಿನಾಚೆ ದ್ವೀಪದಂತೆ ಉಳಿದ ಕರೂರು ಸೀಮೆಯ ಜನ ದಾಟಲು ಲಾಂಚನ್ನೇ ನೆಚ್ಚಿಕೊಂಡಿದ್ದರು. ಅವರಿಗೆ ಸಿಗಂದೂರು ಸೇತುವೆ ತೆರೆದುದು 2025ರ ಜುಲೈನಲ್ಲಿ.

ಈ ಕಣಿವೆಗೆ ಸಾಕ್ಷಿಯಾದವರಲ್ಲಿ ಒಬ್ಬರು ನಮ್ಮವರೇ ಆದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯ ಪ್ರದೇಶದಲ್ಲೇ ದುಡಿದ ಅವರು, 'ಮುಳುಗಡೆ', 'ದ್ವೀಪ' ಮೊದಲಾದ ಕಾದಂಬರಿಗಳಲ್ಲಿ ನೆಲೆ ತಪ್ಪಿದವರ ಬದುಕನ್ನು ಬರೆದರು. ಅಣೆಕಟ್ಟನ್ನು ಕಟ್ಟುವ ಇಲಾಖೆಯ ಒಳಗೇ ಇದ್ದು ಮುಳುಗುವವರ ಕಡೆಗೆ ಕಣ್ಣು ಹೊರಳಿಸಿದ ಆ ಬರವಣಿಗೆಯಲ್ಲಿ ಪ್ರವಾದಿಗಳ ಪರಂಪರೆಯ ಒಂದು ಎಳೆಯನ್ನು ಗುರುತಿಸುವುದು ಅತಿಶಯೋಕ್ತಿಯಾಗದು.

ಶರಾವತಿಯನ್ನು ಕುರಿತು ಮಾತನಾಡುವಾಗ ನಾಬೋತನ ದ್ರಾಕ್ಷೆಯ ತೋಟದ ಪ್ರಸಂಗ (1 ಅರಸು 21) ನೆನಪಾಗುವುದು ಸಹಜ. ಆದರೆ ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು. ಅಹಾಬನಿಗೆ ಬೇಕಾಗಿದ್ದುದು ತನ್ನ ಅರಮನೆಯ ಬದಿಗೊಂದು ಕಾಯಿಪಲ್ಯದ ತೋಟ. ಇಲ್ಲಿ ಸರ್ಕಾರಕ್ಕೆ ಬೇಕಾಗಿದ್ದುದು ನಾಡಿಗೆಲ್ಲ ಬೆಳಕು. ಅಲ್ಲಿ ಸುಳ್ಳುಸಾಕ್ಷಿಯೂ ಕೊಲೆಯೂ ನಡೆದವು. ಇಲ್ಲಿ ನಡೆದುದು ಕಾನೂನುಬದ್ಧವಾದ ಸ್ವಾಧೀನ. ಈ ಅಂತರವನ್ನು ಮರೆಮಾಚಿ ಅಣೆಕಟ್ಟು ಕಟ್ಟಿದವರನ್ನೆಲ್ಲ ಅಹಾಬರೆಂದು ಕರೆಯುವುದು ನ್ಯಾಯವಲ್ಲ. ಆದರೂ ಆ ಪ್ರಸಂಗದ ಮೊದಲ ಭಾಗ ನಮ್ಮನ್ನು ಬಿಡುವುದಿಲ್ಲ. ಅಹಾಬನು ಮೊದಲು ಮುಂದಿಟ್ಟದ್ದು ನ್ಯಾಯವಾದ ವ್ಯವಹಾರವನ್ನೇ: ಇದಕ್ಕಿಂತ ಒಳ್ಳೆಯ ತೋಟ, ಇಲ್ಲವೇ ಅದರ ಕ್ರಯ. ನಾಬೋತನ ನಿರಾಕರಣೆಗೆ ಕಾರಣ ಬೆಲೆಯಲ್ಲ, ಅದು ಪಿತ್ರಾರ್ಜಿತವೆಂಬುದು. ಭೂಮಿಯನ್ನು ಪರಿಹಾರದ ಹಣವಾಗಿ ಪರಿವರ್ತಿಸಬಹುದೆಂದು ನಂಬುವ ಆಡಳಿತಕ್ಕೂ ಭೂಮಿಯಲ್ಲಿ ಹಿರಿಯರ ನೆನಪನ್ನು ಕಾಣುವ ಜನಕ್ಕೂ ನಡುವಣ ಕಂದರ ಇಜ್ರೇಲಿನಲ್ಲಿದ್ದಂತೆಯೇ ಶರಾವತಿಯಲ್ಲೂ ಇತ್ತು. ಶರಾವತಿಯವರಿಗಂತೂ ಬದಲಿ ತೋಟವೂ ಹಕ್ಕಾಗಿ ದೊರೆಯಲಿಲ್ಲ.

ಪುರದ ಆಶೀರ್ವಾದ

ಲಿಂಗನಮಕ್ಕಿ ತುಂಬಿದ ದಶಕ ಕಳೆದ ಬಳಿಕ ಬೇರೊಂದು ಬಗೆಯ ಪ್ರಯತ್ನ ಆರಂಭವಾಯಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ. ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗೆ ಬೇಕಾದ ವಿಜ್ಞಾನವನ್ನು ಹಳ್ಳಿಯವರೊಂದಿಗೇ ಕೂಡಿ ರೂಪಿಸಬೇಕೆಂಬುದು ಅದರ ಆಶಯ. ನಮ್ಮ ಅನೇಕ ಮನೆಗಳಿಗೆ ಪರಿಚಿತವಾದ ಅಸ್ತ್ರ ಒಲೆ ಅಲ್ಲಿಯದೇ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಗ್ರಾಮೀಣ ಕೇಂದ್ರವಿತ್ತು. ಅದರ ಸಮೀಪದ ಪುರ ಎಂಬ ಹಳ್ಳಿಯಲ್ಲಿ ಊರೊಟ್ಟಿನ ಗೋಬರ್ ಗ್ಯಾಸ್ ಘಟಕವನ್ನು ನಿರ್ಮಿಸಲಾಯಿತು.

ಮೊದಲ ಯತ್ನ ಫಲಿಸಲಿಲ್ಲ. ಎಲ್ಲ ಮನೆಗಳ ಅಡುಗೆಗೆ ಸಾಲುವಷ್ಟು ಸಗಣಿ ಆ ಊರಿನ ದನಗಳಿಂದ ದೊರೆಯುತ್ತಿರಲಿಲ್ಲ. ಆಗ ತಂತ್ರಜ್ಞರು ಊರವರ ಮಾತಿಗೆ ಕಿವಿಗೊಟ್ಟರು. ಊರಿಗೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದುದು ಕುಡಿಯುವ ನೀರು. 1987ರಿಂದ ಅದೇ ಅನಿಲದಿಂದ ಎಂಜಿನ್ ನಡೆಸಿ, ಕೊಳವೆಬಾವಿಯ ನೀರನ್ನು ಮೇಲೆತ್ತಿ ನಲ್ಲಿಗಳಿಗೆ ಹರಿಸಲಾಯಿತು, ಮನೆಗಳಿಗೆ ವಿದ್ಯುದ್ದೀಪ ಒದಗಿಸಲಾಯಿತು. ಸಗಣಿ ಕೊಟ್ಟವರಿಗೆ ಅದರ ಬಗ್ಗಡ ಗೊಬ್ಬರವಾಗಿ ಮರಳಿತು. ಸಗಣಿಯನ್ನು ಹೊತ್ತು ತಂದವರಿಗೆ ತೂಕಕ್ಕನುಸಾರವಾಗಿ ಸಣ್ಣ ಕೂಲಿಯೂ ಇತ್ತು. ಹೊರುವ ಕೆಲಸ ಹೆಚ್ಚಾಗಿ ಹೆಂಗಸರದಾದುದರಿಂದ ಆ ಹಣ ಅವರ ಕೈಸೇರಿತು. ಘಟಕವನ್ನು ನಡೆಸಿದವರು ಊರಿನ ಯುವಕರು, ಲೆಕ್ಕ ನೋಡಿಕೊಂಡದ್ದು ಊರಿನ ಸಮಿತಿ.

ಊರೊಟ್ಟಿನ ಸ್ವತ್ತು ಪ್ರತಿಯೊಬ್ಬನ ದುರಾಸೆಯಿಂದ ಹಾಳಾಗಿಯೇ ತೀರುತ್ತದೆಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ವಾದಿಸಿ, ಅದನ್ನು ದುರಂತವೆಂದು ಕರೆದಿದ್ದರು. ಪುರದ ಅನುಭವವನ್ನು ಮುಂದಿಟ್ಟು ರೆಡ್ಡಿಯವರು ಅದಕ್ಕೆ ಪ್ರತಿಯಾಗಿ ಊರೊಟ್ಟಿನ ಸ್ವತ್ತಿನ 'ಆಶೀರ್ವಾದ'ವನ್ನು ಕುರಿತು ಬರೆದರು. ವಿಜ್ಞಾನಿಯೊಬ್ಬರ ಲೇಖನಿಯಿಂದ ಬಂದ ಈ ಪದವನ್ನು ದೈವಶಾಸ್ತ್ರದ ವಿದ್ಯಾರ್ಥಿಗಳು ನಿರ್ಲಕ್ಷಿಸಬಾರದು. ಸತ್ಯವೇದದಲ್ಲಿ ಆಶೀರ್ವಾದವೆಂಬುದು ಒಬ್ಬನ ಕಣಜದಲ್ಲಿ ಮುಗಿಯುವುದಿಲ್ಲ. ಅಬ್ರಹಾಮನಿಗೆ ದೊರೆತದ್ದು ಭೂಲೋಕದ ಕುಲಗಳಿಗೆ ಹರಿಯಬೇಕಾದ ಆಶೀರ್ವಾದ. ಪುರದಲ್ಲಿ ತನಗೆ ನೀರು ಬೇಕಾದವನು ಊರಿನ ಘಟಕಕ್ಕೆ ಸಗಣಿ ಕೊಡಲೇಬೇಕಾಗಿತ್ತು. ಸ್ವಹಿತ, ಪರಹಿತಗಳೆರಡೂ ಒಂದೇ ಕೊಳವೆಯಲ್ಲಿ ಹರಿದವು.

ಆ ವ್ಯವಸ್ಥೆ ಶಾಶ್ವತವಾಗಿ ಉಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಮೂರೂ ಪದಗಳು ಒಂದೇ ಊರಿನಲ್ಲಿ, ಕೆಲವು ವರ್ಷಗಳ ಮಟ್ಟಿಗಾದರೂ, ಒಟ್ಟಿಗೆ ನೆಲೆಸಿದ್ದವು. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ವ್ಯಾಪಾರದ ದಾರಿಯಲ್ಲಿ ಇದೇ ಬಗೆಯ ಪಾಠವನ್ನು ಕಲಿತಿತು. ಬಡವರಿಗೆ ಸೌರದೀಪವನ್ನು ದಾನವಾಗಿ ಕೊಡುವುದಕ್ಕಿಂತ ಅವರ ಗಳಿಕೆಯ ಲಯಕ್ಕೆ ಒಪ್ಪುವ ಕಂತುಗಳಲ್ಲಿ ಬ್ಯಾಂಕಿನ ಸಾಲ ದೊರಕುವಂತೆ ಮಾಡುವುದೇ ಮೇಲೆಂಬ ಅದರ ನಿಲುವಿಗಾಗಿ, ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಪಾವಗಡ: ಯೋಬೇಲಿನ ಅರ್ಧ

ಈಗ ಪಾವಗಡಕ್ಕೆ ಬರೋಣ. ಆಂಧ್ರದ ಗಡಿಯಲ್ಲಿರುವ, ಬರಕ್ಕೆ ಹೆಸರಾದ ಈ ತಾಲ್ಲೂಕಿನ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚರ್ಲು, ಕ್ಯಾತಗಾನಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಪಾರ್ಕ್ ಹರಡಿದೆ. 2015ರಲ್ಲಿ ಕೇಂದ್ರ ಮತ್ತು ರಾಜ್ಯಗಳ ಸಂಸ್ಥೆಗಳು ಕೂಡಿ ಸ್ಥಾಪಿಸಿದ ನಿಗಮ ಇದನ್ನು ಕೈಗೊಂಡಿತು. 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ, 2019ರ ಕೊನೆಗೆ ಪೂರ್ಣ ಸಾಮರ್ಥ್ಯ ತಲುಪಿತು.

ಶರಾವತಿಯ ಪಾಠ ಇಲ್ಲಿ ವ್ಯರ್ಥವಾಗಲಿಲ್ಲ. ಸರ್ಕಾರ ಭೂಮಿಯನ್ನು ಕೊಳ್ಳಲಿಲ್ಲ, ವಶಪಡಿಸಿಕೊಳ್ಳಲೂ ಇಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರ ಏರಿಕೆಯೊಂದಿಗೆ, 28 ವರ್ಷಗಳ ಗುತ್ತಿಗೆಗೆ ಪಡೆಯಿತು. ಒಡೆತನ ರೈತನಲ್ಲೇ ಉಳಿಯಿತು. ಮಳೆಯನ್ನೇ ನೆಚ್ಚಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡಿದ್ದ ಕುಟುಂಬಗಳಿಗೆ ಇದು ನಿಶ್ಚಿತ ಆದಾಯ.

ಯಾಜಕಕಾಂಡದ 25ನೆಯ ಅಧ್ಯಾಯವನ್ನು ಬಲ್ಲವರಿಗೆ ಈ ಏರ್ಪಾಡು ಅಪರಿಚಿತವೆನಿಸದು. ಭೂಮಿ ದೇವರದು, ಇಸ್ರಾಯೇಲ್ಯರು ಅಲ್ಲಿ ಪ್ರವಾಸಿಗಳು ಮಾತ್ರ. ಆದುದರಿಂದ ಅದನ್ನು ಶಾಶ್ವತವಾಗಿ ಮಾರಲಾಗದು. ಮಾರುವುದು ಯೋಬೇಲ್ ಸಂವತ್ಸರದವರೆಗಿನ ಬೆಳೆಗಳನ್ನು. ವರ್ಷಗಳು ಹೆಚ್ಚಿದರೆ ಕ್ರಯವೂ ಹೆಚ್ಚು, ಕಡಿಮೆಯಾದರೆ ಕ್ರಯವೂ ಕಡಿಮೆ. ಇಂದಿನ ಮಾತಿನಲ್ಲಿ ಇದು ಗುತ್ತಿಗೆಯೇ. ಈ ದೃಷ್ಟಿಯಿಂದ ಪಾವಗಡದ ಒಪ್ಪಂದ ಶರಾವತಿಯ ಸ್ವಾಧೀನಕ್ಕಿಂತ ಯೋಬೇಲಿಗೆ ಹತ್ತಿರವಾದುದು, ಇದನ್ನು ಕೃತಜ್ಞತೆಯಿಂದ ಒಪ್ಪಿಕೊಳ್ಳಬೇಕು.

ಆದರೆ ಅದೇ ಗ್ರಂಥದ 19ನೆಯ ಅಧ್ಯಾಯದಲ್ಲಿ ಇನ್ನೊಂದು ಕಟ್ಟಳೆಯಿದೆ. ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯಬಾರದು, ಹಕ್ಕಲನ್ನು ಆಯಬಾರದು. ಅದು ಬಡವರಿಗೂ ಪರದೇಶಿಗಳಿಗೂ ಸೇರಿದ್ದು. ಬೋವಜನ ಹೊಲದಲ್ಲಿ ರೂತಳು ಹಕ್ಕಲಾಯ್ದದ್ದು ಈ ಹಕ್ಕಿನ ಬಲದಿಂದಲೇ. ಹೊಲಕ್ಕೆ ಒಬ್ಬ ಒಡೆಯನಿದ್ದರೂ ಅದರ ಮೇಲೆ ಬದುಕುವವರು ಹಲವರಿರುತ್ತಾರೆ, ಮತ್ತು ಅವರ ಪಾಲು ದಯೆಯಲ್ಲ, ಧರ್ಮಶಾಸ್ತ್ರದ ವಿಧಿ. ಪಾವಗಡದಲ್ಲಿ ಗುತ್ತಿಗೆಯ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಸಂದಿತು. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದ ಕೂಲಿಯ ಹೆಂಗಸರಿಗೂ, ಬೀಳುಗಳಲ್ಲಿ ಕುರಿಮೇಕೆ ಮೇಯಿಸುತ್ತಿದ್ದವರಿಗೂ, ಕಾಗದಪತ್ರವಿಲ್ಲದೆ ಉಳುತ್ತಿದ್ದವರಿಗೂ ಪಹಣಿಯಲ್ಲಿ ಹೆಸರಿರಲಿಲ್ಲ. ಬೇಲಿ ಎದ್ದ ಮೇಲೆ ಅವರಿಗೆ ಹೊಲವೂ ಇಲ್ಲ, ಹಕ್ಕಲೂ ಇಲ್ಲ. ಹುಲ್ಲು ಕತ್ತರಿಸುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ದೊರೆತಿದೆ. ಆದರೆ ಸೂರ್ಯನ ಬೆಳೆಗೆ ಕೊಯ್ಲಿನ ಕೂಲಿ ಬೇಕಾಗುವುದಿಲ್ಲ. ಈ ಬೇಸಾಯದಲ್ಲಿ ಹೊಲದ ಮೂಲೆ ಯಾವುದು ಎಂಬ ಪ್ರಶ್ನೆಗೆ ಒಪ್ಪಂದದಲ್ಲಿ ಉತ್ತರವಿಲ್ಲ. 25ನೆಯ ಅಧ್ಯಾಯ ಈಡೇರಿತು, 19ನೆಯದು ಹೊರಗುಳಿಯಿತು.

ಪಹಣಿಯಾಚೆಗಿನವರು

ನಾಲ್ಕು ಸ್ಥಳಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಎಳೆ ಗೋಚರಿಸುತ್ತದೆ. ಶಿವನಸಮುದ್ರದಲ್ಲಿ ಕಾರ್ಮಿಕನು, ಶರಾವತಿಯಲ್ಲಿ ಗೇಣಿದಾರನು, ಪಾವಗಡದಲ್ಲಿ ಕೂಲಿಯ ಹೆಂಗಸು, ಹೀಗೆ ಪ್ರತಿ ಕಾಲದಲ್ಲೂ ಲೆಕ್ಕದಿಂದ ಹೊರಗುಳಿದವರು ದಾಖಲೆಯಲ್ಲಿ ಹೆಸರಿಲ್ಲದವರೇ. ಪುರದಲ್ಲಿ ಮಾತ್ರ ಹೊತ್ತು ತಂದವಳಿಗೂ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ಇತ್ತು. ಇಂಧನದ ಮೂಲ ಶುದ್ಧವಾದ ಮಾತ್ರಕ್ಕೆ ವ್ಯವಸ್ಥೆ ಶುದ್ಧವಾಗುವುದಿಲ್ಲ. ನಮ್ಮ ಕರ್ತನು ಮತ್ತಾಯ 5:45ರಲ್ಲಿ ಹೇಳುವಂತೆ ತಂದೆಯ ಸೂರ್ಯನು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಸಮನಾಗಿ ಮೂಡುತ್ತಾನೆ. ಬೇಲಿಯನ್ನು ಹಾಕುವವರು ನಾವು.

ಇದು ಮುಗಿದ ಚರಿತ್ರೆಯಲ್ಲ. ಶರಾವತಿ ಕಣಿವೆಯಲ್ಲೇ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸರ್ಕಾರ ಮುಂದಿಟ್ಟಿದೆ. ಹಗಲಿನ ಸೌರವಿದ್ಯುತ್ತು ಹೆಚ್ಚಾದಾಗ ನೀರನ್ನು ಮೇಲೆತ್ತಿ, ಕತ್ತಲಾದ ಮೇಲೆ ಇಳಿಸಿ ವಿದ್ಯುತ್ ಪಡೆಯುವ ಉಪಾಯವಿದು. ಪಾವಗಡದಂತಹ ಪಾರ್ಕುಗಳ ಬೆಳಕನ್ನು ರಾತ್ರಿಗೆ ಕಾಪಿಡಲು ಒಮ್ಮೆ ಮುಳುಗಿದ ಕಣಿವೆಯ ಕಾಡನ್ನೇ ಮತ್ತೆ ಕೇಳಲಾಗುತ್ತಿದೆ. ಸಿಂಗಳೀಕಗಳಿಗೆ ಆಶ್ರಯವಾದ ಅಭಯಾರಣ್ಯ ಅದು. ಸ್ಥಳೀಯರೂ ಪರಿಸರವಾದಿಗಳೂ ಇದನ್ನು ವಿರೋಧಿಸುತ್ತಿದ್ದಾರೆ. ಸುಸ್ಥಿರತೆಯ ಹೆಸರಿನಲ್ಲಿ ಬರುವ ಯೋಜನೆಯ ಮುಂದೆ ಉಳಿದೆರಡು ಪ್ರಶ್ನೆಗಳನ್ನು ಎತ್ತುವುದು ಪ್ರಗತಿಗೆ ವಿರೋಧವೆಂದು ಭಾವಿಸಬೇಕಾಗಿಲ್ಲ. ಆ ಮೂರನ್ನೂ ಒಟ್ಟಿಗೆ ಕೇಳಬೇಕೆಂದು ಸಭೈಕ್ಯ ಚಳವಳಿ ಅರ್ಧ ಶತಮಾನದ ಹಿಂದೆಯೇ ನಮಗೆ ಕಲಿಸಿದೆ.

ಸಭಾಪಾಲಕರಿಗೆ ಇದರಿಂದ ಒದಗುವ ಕೆಲಸ ದೊಡ್ಡ ಘೋಷಣೆಯದಲ್ಲ. ದೇವಾಲಯದ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹೂಡುವುದು ಒಳ್ಳೆಯದು, ಹೂಡೋಣ. ಅದಕ್ಕಿಂತ ಕಠಿಣವಾದ ಕೆಲಸವೆಂದರೆ ಸೌರ ಪಾರ್ಕು, ಗಾಳಿಗಿರಣಿ, ಅಣೆಕಟ್ಟುಗಳು ಬರುವ ಊರುಗಳಲ್ಲಿ ಪಹಣಿಯಲ್ಲಿ ಹೆಸರಿಲ್ಲದವರ ಪಟ್ಟಿಯನ್ನು ತಯಾರಿಸುವುದು. ಕೂಲಿ ಯಾರು, ಮೇಯಿಸುವವರು ಯಾರು, ಅವರ ಹಕ್ಕಲು ಎಷ್ಟು ಎಂಬುದನ್ನು ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ತಿಳಿದುಕೊಳ್ಳಬೇಕು. ಆ ಹೆಸರುಗಳು ಬಹುಮಟ್ಟಿಗೆ ನಮ್ಮ ಗ್ರಾಮಸಭೆಗಳ ದೀಕ್ಷಾಸ್ನಾನದ ದಾಖಲೆಗಳಲ್ಲಿಯೇ ಇವೆ. ಪಾವಗಡದ ಗುತ್ತಿಗೆಗಳು ಮುಗಿಯುವುದು 2040ರ ದಶಕದಲ್ಲಿ. ಇಂದು ಸೆಮಿನರಿಯಲ್ಲಿ ಓದುತ್ತಿರುವವರು ಅಂದು ಹಿರಿಯ ಸಭಾಪಾಲಕರಾಗಿರುತ್ತಾರೆ. ಆ ನೆಲ ಯಾರಿಗೆ, ಯಾವ ಸ್ಥಿತಿಯಲ್ಲಿ ಹಿಂದಿರುಗುತ್ತದೆ ಎಂದು ಕೇಳಬೇಕಾದವರು ಅವರೇ.